ಕುದುರೆಯ ಕೆಳಗಿನ ಅಕ್ಷರ

ಕಡಗಂಚಿ
8 ಜುಲೈ 2024

ಶಿವಕಾಂತಾ,

ಲಕೋಟೆಯ ಮೇಲಿನ ಕೈಬರಹ ನೋಡಿಯೇ ನಾನು ಯಾರೆಂದು ನಿನಗೆ ಗೊತ್ತಾಗಿರಬೇಕು. ಹರಿದು ಹಾಕುವ ಮೊದಲು ಒಂದು ಸಲ ಓದು.

ಮೂರು ಸಲ ಫೋನು ಮಾಡಿದೆ. ಮೂರನೆಯ ಸಲ ನೀನು ಎತ್ತಿದೆ, ನನ್ನ ಹೆಸರು ಕೇಳಿದ್ದೇ ಇಟ್ಟುಬಿಟ್ಟೆ. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನಾನು ಹೇಳಬೇಕಾದದ್ದೆಲ್ಲ ಒಂದು ಅಕ್ಷರದ ಮೇಲೆ ನಿಂತಿದೆ, ಆ ಅಕ್ಷರ ನನ್ನ ಫೋನಿನಲ್ಲಿ ಖಾಲಿ ಚೌಕವಾಗಿ ಕಾಣುತ್ತದೆ. ನಿನ್ನದರಲ್ಲಿ ಹೇಗೆ ಕಾಣುವುದೋ. ಅದಕ್ಕೇ ಪೆನ್ನು ಹಿಡಿದೆ.

ಹೈದರಾಬಾದು ಬಿಟ್ಟು ನಾಲ್ಕು ವರ್ಷವಾಯಿತು. ಈಗ ಕಡಗಂಚಿಯಲ್ಲಿದ್ದೇನೆ. ಇಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತು ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಕಳೆದ ತಿಂಗಳು ಆಳಂದದಿಂದ ಒಂದು ಟ್ರಂಕು ಬಂತು. ಅದು ದೌಲತರಾಯ ವಕೀಲರ ಸಂಗ್ರಹಾಲಯದ್ದು. ಈಗ ಅದನ್ನು ನೋಡಿಕೊಳ್ಳುವವನು ವಕೀಲರ ಮೊಮ್ಮಗ ಅನೂಪ. ಅವನಿಗೆ ಈ ಹಳೆಯ ಕಥೆ ಗೊತ್ತಿಲ್ಲ. ಗೊತ್ತಿದ್ದರೂ ಅರ್ಧ ಮಾತ್ರ.

ಟ್ರಂಕಿನಲ್ಲಿ ನಾನು 1999ರಲ್ಲಿ ಟೈಪು ಮಾಡಿದ ನಾಣ್ಯಗಳ ಪಟ್ಟಿ ಇತ್ತು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಕ್ರಮವಾಗಿ ಬರೆಯದಿದ್ದರೆ ನನಗೇ ಗೋಜಲಾಗುತ್ತದೆ. ವಕೀಲರು ತೀರಿಕೊಳ್ಳುವ ಮೊದಲು ಕೈಯಲ್ಲಿ ಬರೆದಿಟ್ಟಿದ್ದ ರಿಜಿಸ್ಟರಿನಿಂದ ಆ ಪಟ್ಟಿ ಆಯಿತು. ಮೂವತ್ತೊಂದನೆಯ ನಂಬರು ಗ್ರೀಸ್ ದೇಶದ ಬೆಳ್ಳಿ ನಾಣ್ಯ. ರೆಕ್ಕೆಯ ಕುದುರೆ, ಕುದುರೆಯ ಹೊಟ್ಟೆಯ ಕೆಳಗೆ ಒಂದು ಅಕ್ಷರ. ಆ ಅಕ್ಷರದ ಹೆಸರು ಕೊಪ್ಪಾ. ಗ್ರೀಕರೇ ಎರಡೂವರೆ ಸಾವಿರ ವರ್ಷದ ಹಿಂದೆ ಬಳಕೆ ಬಿಟ್ಟ ಅಕ್ಷರ. ನವೆಂಬರ್ 2001ರಲ್ಲಿ ವಕೀಲರ ಮಗ ತಪಾಸಣೆ ಮಾಡಿಸಿದರು. ನಾಣ್ಯದ ಮೇಲೆ ಇದ್ದದ್ದು ಹೀಗೆ: Ϙ. ಹಿಡಿಕೆ ಇರುವ ಕೈಗನ್ನಡಿಯ ಹಾಗೆ. ನನ್ನ ಪಟ್ಟಿಯಲ್ಲಿ ಇದ್ದದ್ದು ಹೀಗೆ: Ϟ. ಮಿಂಚಿನ ಗೆರೆಯ ಹಾಗೆ. ಅಕ್ಷರ ಬೇರೆ ಇದೆ, ಅಂದರೆ ನಾಣ್ಯ ಬೇರೆ, ಅಸಲಿ ನಾಣ್ಯ ಮಾರಿ ನಕಲಿ ಇಟ್ಟಿದ್ದಾರೆ ಎಂದರು. ರಿಜಿಸ್ಟರು ನೋಡೋಣವೆಂದರೆ ಅಷ್ಟರೊಳಗೆ ಅದನ್ನು ಗೆದ್ದಲು ತಿಂದಿತ್ತು. ಕಾವಲಿಗಿದ್ದವರು ನಿಮ್ಮಪ್ಪ, ಮಾಳಿಂಗ ಕಾಕಾ ಒಬ್ಬರೇ. ಅವರನ್ನು ಕೆಲಸದಿಂದ ತೆಗೆದರು.

ಶಿವಕಾಂತಾ, ಎರಡೂ ಕೊಪ್ಪಾನೇ. ಒಂದು ಹಳೆಯ ರೂಪ, ಇನ್ನೊಂದು ಆಮೇಲೆ ಅದೇ ಅಕ್ಷರವನ್ನು ಅಂಕಿಯಾಗಿ ಬಳಸುವಾಗ ಬದಲಾದ ರೂಪ. ನಾನು ಹೆಸರು ನೋಡಿ ಟೈಪು ಮಾಡಿದೆ. ಹೆಸರು ಸರಿಯಿತ್ತು. ಬಂದ ರೂಪ ಬೇರೆ.

ಇದು ನನಗೆ ತಿಳಿದು ಹನ್ನೆರಡು ದಿನವಾಯಿತು. ನಾನು ತಪ್ಪು ಮಾಡಿದೆನೋ ಇಲ್ಲವೋ ಅನ್ನುವುದು ಮಾತ್ರ ಈಗಲೂ ತಿಳಿಯುತ್ತಿಲ್ಲ. ಮಾಳಿಂಗ ಕಾಕಾ ಹೇಗಿದ್ದಾರೆ?

ಸುಲಭಾ


ಅಫಜಲಪುರ
1 ಆಗಸ್ಟ್ 2024

ಸುಲಭಾ,

ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ಜೋಳದ ಡಬ್ಬಿಯ ಹಿಂದೆ ಇಟ್ಟಿದ್ದೆ. ಅವ್ವ ಎರಡು ಸಲ ನೋಡಿ "ಯಾರ್ದ ಬೇ ಕಾಗಜ?" ಎಂದು ಕೇಳಿದಳು. ಅಂಗನವಾಡಿಯದು ಎಂದೆ. ನಿನ್ನ ಹೆಸರು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಆಳಂದದ ಹೆಸರೂ ಎತ್ತುವುದಿಲ್ಲ.

ಫೋನು ಮಾಡಬೇಡ. ನಿನ್ನ ದನಿ ಕೇಳಿದರೆ ನನಗೆ ಏನೇನೋ ಬಾಯಿಗೆ ಬರುತ್ತದೆ. ಕಾಗದದಲ್ಲಿ ಆದರೆ ಬರೆದದ್ದನ್ನು ಹೊಡೆದು ಹಾಕಬಹುದು. ಈ ಹಾಳೆಯಲ್ಲೇ ಎಷ್ಟು ಸಾಲು ಹೊಡೆದಿದ್ದೇನೆ ನೋಡು.

ನೀನು ಬರೆದದ್ದು ನನಗೆ ಅರ್ಥವಾಗಲಿಲ್ಲ. ಒಂದು ಅಕ್ಷರಕ್ಕೆ ಎರಡು ಆಕಾರ ಹೇಗೆ ಇರುತ್ತದೆ? ನಾನು ದಿನಾ ಇಪ್ಪತ್ತೆರಡು ಮಕ್ಕಳಿಗೆ ಅ ತಿದ್ದಿಸುತ್ತೇನೆ. ಬೇರೆ ಥರ ಬರೆದರೆ ಅದು ಅ ಅಲ್ಲ. ಕಂಪ್ಯೂಟರಿಗೆ ಇಷ್ಟು ಗೊತ್ತಿಲ್ಲವೇ? ಅಥವಾ ಈಗ ನಿನಗೆ ಮನಸ್ಸಿಗೆ ಕಸಿವಿಸಿಯಾಗಿ, ಕಂಪ್ಯೂಟರಿನ ಮೇಲೆ ಹಾಕಿ ಹಗುರಾಗಲು ನೋಡುತ್ತಿದ್ದೀಯೋ?

ನಿನಗೆ ಗೊತ್ತಿಲ್ಲದ್ದನ್ನು ನಾನೂ ಕ್ರಮವಾಗಿ ಹೇಳುತ್ತೇನೆ. ಅಪ್ಪನನ್ನು ಠಾಣೆಯಲ್ಲಿ ಎರಡು ದಿನ ಕೂಡಿಸಿದರು. ಕೇಸು ಹಾಕಲಿಲ್ಲ, ವಕೀಲರ ಮಗನೇ ಬೇಡವೆಂದರಂತೆ. ಆಳಂದದಲ್ಲಿ ನಾವು ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರು. ಜೇವರ್ಗಿಯಲ್ಲಿ ನನಗೆ ಗೊತ್ತಾಗಿದ್ದ ಗಂಡಿನ ಮನೆಯವರು ಹೇಳಿ ಕಳಿಸಿದರು, ಮುಂದಿನ ವರ್ಷ ನೋಡೋಣ ಎಂದು. ಆ ಮುಂದಿನ ವರ್ಷ ಬರಲಿಲ್ಲ. ಅವ್ವನ ತವರು ಇದು, ಇಲ್ಲಿ ಬಂದು ಸೋದರಮಾವನ ಹೊಲದ ಪಕ್ಕ ಎರಡೂವರೆ ಎಕರೆ ತೊಗರಿ ಮಾಡಿಕೊಂಡಿದ್ದೇವೆ. ನಾನು ಮದುವೆಯಾಗಲಿಲ್ಲ. ಅದಕ್ಕೆ ಆ ನಾಣ್ಯವೇ ಕಾರಣವೆಂದು ಹೇಳುವುದಿಲ್ಲ. ಬೇರೆ ಕಾರಣ ಇತ್ತೆಂದೂ ಹೇಳಲಾರೆ.

ಅಪ್ಪನಿಗೆ ಎಪ್ಪತ್ತೆಂಟು. ಹೋದ ವರ್ಷದಿಂದ ಮರೆವು. ಊಟ ಮಾಡಿ ಕೈ ತೊಳೆದು ಬಂದು "ಊಟಕ್ಕ ನೀಡ್ರಿ" ಎನ್ನುತ್ತಾನೆ. ಒಮ್ಮೊಮ್ಮೆ ನನ್ನನ್ನು ಅವನ ಅಕ್ಕ ಎಂದು ತಿಳಿಯುತ್ತಾನೆ. ಇಂಥವನಿಗೆ ನಿನ್ನ ಗ್ರೀಕ್ ಅಕ್ಷರ ತೆಗೆದುಕೊಂಡು ಹೋಗಿ ನಾನೇನು ಹೇಳಲಿ?

ಒಂದೇ ಕೇಳುತ್ತೇನೆ. ಆ ದಿನ ತಪಾಸಣೆಯಲ್ಲಿ ನಿನ್ನನ್ನು ಕರೆಸಿದ್ದರು. ನೀನು ಏನು ಹೇಳಿದೆ?

ಶಿವಕಾಂತಾ


ಕಡಗಂಚಿ
19 ಆಗಸ್ಟ್ 2024

ಶಿವಕಾಂತಾ,

ನೀನು ಉತ್ತರ ಬರೆದೆಯಲ್ಲ, ಅಷ್ಟಾಯಿತು. ಹೊಡೆದು ಹಾಕಿದ ಸಾಲುಗಳನ್ನು ಬೆಳಕಿಗೆ ಹಿಡಿದು ಓದಲು ಹೋಗಲಿಲ್ಲ.

ಮೊದಲು ಅಕ್ಷರದ ಮಾತು. ಅಫಜಲಪುರದ ಸ್ಟ್ಯಾಂಡಿನಲ್ಲಿ ನೀನು ನೋಡಿರುತ್ತೀ. ಹೊರಗಿನ ಭಕ್ತರು ಬಂದು ಗಾಣಗಾಪುರ ಎಂದಷ್ಟೇ ಕೇಳುತ್ತಾರೆ. ಒಂದು ಗಾಣಗಾಪುರ ದತ್ತನ ಗುಡಿ ಇರುವ ಊರು, ಇನ್ನೊಂದು ರೈಲು ನಿಲ್ಲುವ ಗಾಣಗಾಪುರ ಸ್ಟೇಷನ್ನು. ನಡುವೆ ಎಷ್ಟು ದೂರವಿದೆ ನಿನಗೇ ಗೊತ್ತು. ಬಸ್ಸಿನ ಬೋರ್ಡಿನ ಮೇಲೆ ಬರೀ ಗಾಣಗಾಪುರ ಎಂದು ಬರೆದರೆ ಬರೆದವನು ಸುಳ್ಳು ಬರೆದ ಹಾಗಲ್ಲ. ಹತ್ತಿ ಕೂತವನು ಮಾತ್ರ ಬೇರೆ ಕಡೆ ಇಳಿಯುತ್ತಾನೆ.

ಕಂಪ್ಯೂಟರಿನೊಳಗೆ ಪ್ರಪಂಚದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಅಂದು ಕೊಪ್ಪಾ ಎಂಬ ಹೆಸರಿಗೆ ಇದ್ದದ್ದು ಒಂದೇ ಸಂಖ್ಯೆ. ಆ ಸಂಖ್ಯೆ ಒತ್ತಿದರೆ ಒಂದು ಫಾಂಟಿನಲ್ಲಿ ಕೈಗನ್ನಡಿ ಬರಬಹುದು, ಇನ್ನೊಂದರಲ್ಲಿ ಮಿಂಚು ಬರಬಹುದು. ನಾನು ಬಳಸಿದ ಫಾಂಟಿನಲ್ಲಿ ಮಿಂಚು ಬಂತು. ನಾನು ಹೆಸರು ನೋಡಿದೆ, ರೂಪ ನೋಡಲಿಲ್ಲ. ಇದು ಸರಿಯಲ್ಲ ಎಂದು ವಿದ್ವಾಂಸರು ಹೇಳಿ, ಹಳೆಯ ಕೊಪ್ಪಾಕ್ಕೆ ಬೇರೆ ಸಂಖ್ಯೆ ಕೊಟ್ಟದ್ದು ಮಾರ್ಚ್ 2002ರಲ್ಲಿ. ನಿಮ್ಮಪ್ಪನನ್ನು ಹೊರಗೆ ಹಾಕಿದ ನಾಲ್ಕು ತಿಂಗಳ ಮೇಲೆ. ಈ ತಾರೀಖು ಓದಿದ ದಿನ ನಾನು ಆಫೀಸಿನಿಂದ ಬೇಗ ಮನೆಗೆ ಹೋದೆ.

ಇನ್ನು ನೀನು ಕೇಳಿದ್ದು. ವಕೀಲರ ಮಗ ಕೇಳಿದರು, "ರಿಜಿಸ್ಟರನ್ಯಾಗ ಏನಿತ್ತೋ ಅದನ್ನೇ ಬರದೀಯೇನಮ್ಮಾ?" ನಾನು "ಹೌದ್ರಿ, ಇದ್ದಂಗ ಬರದೇನ್ರಿ" ಎಂದೆ. ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ. ಹೊರಗೆ ಬಂದಾಗ ಬೇವಿನ ಗಿಡದ ಕೆಳಗೆ ಕಾಕಾ ನಿಂತಿದ್ದರು. "ಚಾ ಕುಡದ ಹೋಗವ್ವಾ" ಎಂದರು. ಕುಡಿಯದೆ ಹೋದೆ. ಮರುವಾರ ಹೈದರಾಬಾದಿಗೆ ಹೋದೆ. ಅಲ್ಲಿ ನನಗೆ ಕೆಲಸ ಸಿಕ್ಕಿತ್ತು, ಅದು ಮೊದಲೇ ಗೊತ್ತಾಗಿತ್ತು. ಆದರೂ ನೀನು ಓಡಿಹೋದೆ ಎಂದರೆ ಅಲ್ಲವೆನ್ನಲಾರೆ.

ನಾನು "ಇದ್ದಂಗ" ಎಂದದ್ದು ಖರೆಯೂ ಹೌದು, ಖರೆಯಲ್ಲವೂ ಹೌದು. ಅದನ್ನು ಈಗ ಲಿಖಿತವಾಗಿ ಅನೂಪನಿಗೆ ಕೊಡಬೇಕೆಂದಿದ್ದೇನೆ. ಕಾಕಾಗೆ ಒಂದು ಸಲ ಓದಿ ಹೇಳು. ಅರ್ಥವಾಗದಿದ್ದರೂ ಅವರ ಕಿವಿಗೆ ಬೀಳಲಿ.

ಸುಲಭಾ


ಅಫಜಲಪುರ
11 ಸೆಪ್ಟೆಂಬರ್ 2024

ಸುಲಭಾ,

ನಿನ್ನ ಮಾತು ಕೇಳಿ ಓದಬಾರದಿತ್ತು.

ಭಾನುವಾರ ಮುಂಜಾನೆ ಅಪ್ಪನ ತಲೆ ತಿಳಿಯಾಗಿತ್ತು. ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದ. ಅವ್ವ ಪಕ್ಕದ ಗಂಗುಬಾಯಿಯ ಮನೆಗೆ ಹೋಗಿದ್ದಳು. ಈಗಲೇ ಓದಬೇಕೆಂದು ಎರಡೂ ಪತ್ರ ತೆಗೆದೆ. ನೀನು ಗಾಣಗಾಪುರದ ಬಸ್ಸಿನ ಬಗ್ಗೆ ಬರೆದದ್ದು ಓದಿದಾಗ ನಕ್ಕ. ನಿನ್ನ ಹೆಸರು ಕೇಳಿದಾಗ "ಅಕಿ ಚಲೋ ಹುಡುಗಿ" ಎಂದ. ಕೊನೆಗೆ ನಾನು ಹೇಳಿದೆ:

"ಅಪ್ಪಾ, ನೀ ನಾಣ್ಯ ಬದಲ ಮಾಡಿಲ್ಲಂತ ಸುಲಭಾ ಬರದಾಳ. ತಪ್ಪು ಪಟ್ಟಿದಂತ. ನಿಂದಲ್ಲಂತ."

ಅಪ್ಪ ಮೊರ ಕೆಳಗೆ ಇಟ್ಟ. ಆಮೇಲೆ, ಈಗಲೂ ನನ್ನ ಕಿವಿಯಲ್ಲಿದೆ, ಹೇಳಿದ:

"ಇಲ್ಲವ್ವಾ. ನಾನೇ ಬದಲ ಮಾಡೇನಿ. ಗುನ್ಹಾ ನಂದೇ ಅದ. ಆ ಹುಡುಗಿಗಿ ಹೇಳು, ಸುಮ್ಮ ಯಾಕ ತಲಿ ಕೆಡಿಸ್ಕೊಂತಾಳ."

"ಏನಂದಿ?" ಎಂದು ಮತ್ತೆ ಕೇಳಿದೆ. ಅವನು ಮೊರ ಎತ್ತಿಕೊಂಡು ಬೇಳೆ ಕೇರತೊಡಗಿದ. ಸಂಜೆ ಕೇಳಿದರೆ ಯಾವ ಮಾತು ಎಂದೇ ನೆನಪಿಲ್ಲ.

ಇಪ್ಪತ್ಮೂರು ವರ್ಷ ನಾವು ಒಂದೇ ಮಾತು ಹಿಡಿದು ಬದುಕಿದ್ದೇವೆ. ಅಪ್ಪ ಕದ್ದಿಲ್ಲ, ಮಂದಿ ಕದ್ದ ಅಂತಾರೆ, ಅಪ್ಪ ಕದ್ದಿಲ್ಲ. ಊರು ಬಿಟ್ಟಾಗಲೂ ಅದೇ ಮಾತು, ಜೇವರ್ಗಿಯವರು ತಿರುಗಿದಾಗಲೂ ಅದೇ ಮಾತು. ಈಗ ಅವನೇ ಹೀಗೆ ಹೇಳಿದರೆ ನಾನು ಯಾವುದನ್ನು ಹಿಡಿದುಕೊಳ್ಳಲಿ? ಅಥವಾ ಮಂದಿ ಹೇಳಿ ಹೇಳಿ ಮರೆವಿನಲ್ಲಿ ಅವನಿಗೇ ಹಾಗೆ ಅನ್ನಿಸಿದೆಯೋ?

ಅವ್ವನಿಗೆ ಹೇಳಿಲ್ಲ. ನೀನು ಅನೂಪನ ಹತ್ತಿರ ಹೋಗಬೇಡ. ಏನೂ ಬರೆದು ಕೊಡಬೇಡ. ಇದ್ದದ್ದು ಇದ್ದ ಹಾಗೇ ಬಿಡು. ನನಗೂ ಬರೆಯಬೇಡ.

ಶಿವಕಾಂತಾ


ಕಡಗಂಚಿ
6 ಅಕ್ಟೋಬರ್ 2024

ಶಿವಕಾಂತಾ,

ಬರೆಯಬೇಡವೆಂದಿದ್ದೆ. ಇಪ್ಪತ್ತು ದಿನ ತಡೆದುಕೊಂಡೆ. ಆದರೆ ನಿನ್ನ ಪತ್ರ ಬರುವ ಮೊದಲೇ ನಾನು ಅನೂಪನಿಗೆ ಬರೆದು ಕೊಟ್ಟಾಗಿತ್ತು. ಮುಚ್ಚಿಡುವುದು ಬೇಡವೆಂದು ಹೇಳುತ್ತಿದ್ದೇನೆ.

ಅವನು ಕೂಗಾಡಲಿಲ್ಲ. ಎರಡು ಸಲ ಓದಿ, "ನೀವ ಮಾಡಿದ ಪಟ್ಟಿ ತಪ್ಪಂತ ನೀವ ಹೇಳಾಕತ್ತೀರಿ. ಹಂಗಾದ್ರ ಈಗ ಮಾಡಾಕತ್ತಿದ್ದು ಸರಿ ಅಂತ ನಾ ಹ್ಯಾಂಗ ನಂಬಲ್ರಿ?" ಎಂದ. ಟ್ರಂಕು ವಾಪಸು ಕೇಳಿದ, ಕಳಿಸಿದ್ದೇವೆ. ಇಲ್ಲಿ ನನ್ನ ಮೇಲಿನವರಿಗೂ ವಿಷಯ ಹೇಳಬೇಕಾಯಿತು. ಸದ್ಯಕ್ಕೆ ನನಗೆ ಬೇರೆ ಕೆಲಸ ಕೊಟ್ಟಿದ್ದಾರೆ.

ಆದರೂ ಅನೂಪ ಒಂದು ಒಳ್ಳೆಯ ಕೆಲಸ ಮಾಡಿದ. ಹೈದರಾಬಾದಿನಿಂದ ಹಫೀಜ ಎಂಬ ಹಿರಿಯರನ್ನು ಕರೆಸಿದ. ಅವರು ನಲವತ್ತು ವರ್ಷದಿಂದ ಹಳೆಯ ನಾಣ್ಯ ನೋಡುವವರು. ಕುದುರೆಯ ನಾಣ್ಯವನ್ನು ತೂಗಿದರು, ಅಂಚು ನೋಡಿದರು, ಭೂತಕನ್ನಡಿ ಹಿಡಿದು ಅರ್ಧ ಗಂಟೆ ಕೂತರು. ನಾನು ಅಲ್ಲೇ ಇದ್ದೆ. ನಕಲಿ ಅಲ್ಲ ಎಂದರು. ಅಸಲಿ, ಹಳೆಯದು, ಕೈಗನ್ನಡಿಯಂಥ ಕೊಪ್ಪಾ ಅದನ್ನು ಟಂಕಿಸಿದ ಗ್ರೀಕ್ ಊರಿನ ನಾಣ್ಯಗಳ ಮೇಲೆ ಇರಲೇಬೇಕಾದ ಗುರುತು.

ಹಾಗಾದರೆ ಕಾಕಾ ಬದಲು ಮಾಡಿದ್ದು ಏನು? ಅಸಲಿ ತೆಗೆದು ಅಸಲಿಯನ್ನೇ ಇಟ್ಟರೇ? ನನಗೆ ಏನೂ ತಿಳಿಯುತ್ತಿಲ್ಲ. ಮನೆಯಲ್ಲಿ ಒಂದು ಹಾಳೆಯ ಮೇಲೆ ಎಡಕ್ಕೆ ಒಂದು, ಬಲಕ್ಕೆ ಒಂದು ಬರೆದು ಗೆರೆ ಎಳೆದು ನೋಡುತ್ತೇನೆ, ಗೆರೆಗಳು ಎಲ್ಲಿಗೂ ಮುಟ್ಟುವುದಿಲ್ಲ.

ಟ್ರಂಕು ಹೋಗುವ ಮೊದಲು ತಪಾಸಣೆಯ ಕಾಗದದ ಝೆರಾಕ್ಸ್ ಮಾಡಿಟ್ಟುಕೊಂಡಿದ್ದೆ. ಅನೂಪನನ್ನು ಕೇಳಿಯೇ ಮಾಡಿದ್ದು. ಇದರೊಂದಿಗೆ ಇಟ್ಟಿದ್ದೇನೆ. ಗುಮಾಸ್ತ ಮೆಹಬೂಬ ಬರೆದುಕೊಂಡದ್ದು, ಕೆಳಗೆ ನಿಮ್ಮಪ್ಪನ ಸಹಿ ಇದೆ. ನಿಮ್ಮ ಮನೆಯ ಕಾಗದ ಅದು, ನಿಮ್ಮಲ್ಲಿರಲಿ.

ಸುಲಭಾ


ಅಫಜಲಪುರ
24 ನವೆಂಬರ್ 2024

ಸುಲಭಾ,

ತೊಗರಿಗೆ ಹುಳ ಬಿದ್ದಿತ್ತು, ಔಷಧಿ ಹೊಡೆಯುವ ಗಡಿಬಿಡಿ. ಅದರ ನಡುವೆ ಅಪ್ಪನಿಗೆ ಜ್ವರ. ಇವು ನೆಪ. ಬರೆಯಲು ಧೈರ್ಯ ಬಂದಿರಲಿಲ್ಲ.

ನೀನು ಕಳಿಸಿದ ಕಾಗದ ಎಷ್ಟು ಸಲ ಓದಿದೆನೋ. ಒಂದೇ ಪುಟ. ಅದರಲ್ಲಿ ಅಪ್ಪನಿಗೆ ಕೇಳಿದ್ದು ಒಂದೇ ಪ್ರಶ್ನೆ. "ಪಟ್ಟಿಯಲ್ಲಿ ಇರುವುದಕ್ಕೂ ನಾಣ್ಯಕ್ಕೂ ಹೊಂದಿಕೆ ಇಲ್ಲ, ಬದಲು ಮಾಡಿದ್ದೀರಾ?" ಉತ್ತರ, "ಹೌದು." ಕೆಳಗೆ ಸಹಿ. ಏನು ಬದಲು ಮಾಡಿದಿರಿ ಎಂದು ಯಾರೂ ಕೇಳಿಲ್ಲ. ನಾನೂ ಆ ಭಾನುವಾರ ಕೇಳಲಿಲ್ಲ. ಅವನು ಬದಲು ಎಂದದ್ದೇ ನಾನು ನಾಣ್ಯ ಎಂದುಕೊಂಡೆ.

ಅವನ ತಲೆ ತಿಳಿಯಾಗುವ ದಿನಕ್ಕಾಗಿ ಕಾದೆ. ಹೋದ ಗುರುವಾರ ಹೊಲದ ಬದುವಿನ ಮೇಲೆ ಕೂತಿದ್ದೆವು. ಮೆಲ್ಲಗೆ ಕೇಳಿದೆ.

"ಅಪ್ಪಾ, ವಕೀಲಸಾಹೇಬರ ಬಲ್ಲಿ ನೀ ಏನ ಬದಲ ಮಾಡಿದ್ದಿ?"

"ಅಕ್ಷರ," ಎಂದ.

"ಯಾವ ಅಕ್ಷರ?"

ಬಾರುಕೋಲಿನ ತುದಿಯಿಂದ ಮಣ್ಣಿನಲ್ಲಿ ಮಿಂಚಿನ ಗೆರೆ ಎಳೆದ. ಅದನ್ನು ಅಂಗೈಯಿಂದ ಒರೆಸಿದ. ಅಲ್ಲೇ ಒಂದು ಸೊನ್ನೆ ಬರೆದು ಕೆಳಗೆ ಒಂದು ಕಡ್ಡಿ ಇಳಿಸಿದ.

ಸುಲಭಾ, ಅವನು ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

"ನಾ ದಿನಾ ಅದನ್ನ ಒರಸ್ತಿದ್ದೆ. ಕುದುರಿ ಹೊಟ್ಟಿ ಕೆಳಗ ಏನದ ಅಂತ ನನಗ ಗೊತ್ತು. ಸಾಹೇಬರು ರಿಜಿಸ್ಟರನ್ಯಾಗ ಬ್ಯಾರೇ ತೆಗದಿದ್ರು, ಯಾವದೋ ಬುಕ್ಕ ನೋಡಿ. ಸಾಹೇಬರು ತೀರಕೊಂಡ ಮ್ಯಾಲ ಒಂದಿನ ನನಗ ತಡೀಲಿಲ್ಲ. ಬ್ಲೇಡಿಲೆ ಅದನ್ನ ಕೆರದು, ಇದ್ದದ್ದ ಇದ್ದಂಗ ತೆಗದೆ. ಸಾಹೇಬರ ಹೆಸರಿಗಿ ತಪ್ಪ ಬರಬಾರದಂತ."

"ಮತ್ತ ಅವತ್ತು ಹೇಳಬೇಕಿಲ್ಲ?"

"ಹೇಳಿದ್ನೆಲ್ಲ. ಅವರು ಆ ಪಟ್ಟಿ ತೋರಿಸಿದ್ರು. ನಾ ಕೆರದ ತೆಗದ ಅಕ್ಷರ ಅದರಾಗ ಎದ್ದು ಕುಂತಿತ್ತು. ನನ್ನ ಎದಿ ಧಸ್ಸಂತು. ರಿಜಿಸ್ಟರ ಇಲ್ಲ, ನೋಡಿದವರಿಲ್ಲ, ಇವರಿಗಿ ಹ್ಯಾಂಗ ಗೊತ್ತಾತು? ಬದಲ ಮಾಡೀರಿ ಅಂದ್ರು. ಹೌದ್ರಿ ಅಂದೆ. ತೀರಿದವರ ಬರಹಕ್ಕ ಕೈ ಹಚ್ಚೀನಿ, ತೆಗದ ಹಾಕಿದ್ರ ನ್ಯಾಯನೇ ಅದ."

"ಅಪ್ಪಾ, ಮಂದಿ ನಿನಗ ನಾಣ್ಯದ ಕಳ್ಳ ಅಂದ್ರಲ್ಲ."

"ಮಂದಿ ಅಂದ್ರು. ಸಾಹೇಬರ ಕಾಗಜಿನಾಗ ಬದಲ ಅಂತ ಬರದಾರ. ಅದು ಖರೇ ಅದ."

ಠಾಣೆಯಲ್ಲಿ ಕೂಡಿಸಿದ್ದು ಅವನಿಗೆ ನೆನಪೇ ಇಲ್ಲವೋ, ಅಥವಾ ಅದೂ ನ್ಯಾಯವೆಂದೇ ತಿಳಿದಿದ್ದನೋ, ಕೇಳುವಷ್ಟರಲ್ಲಿ ಅವನು ಎದ್ದು ಎತ್ತುಗಳು ಎಲ್ಲಿ ಎಂದು ಹುಡುಕತೊಡಗಿದ. ಎತ್ತು ಮಾರಿ ಒಂಬತ್ತು ವರ್ಷವಾಯಿತು.

ಇದನ್ನು ಬರೆದರೆ ಇನ್ನೊಂದನ್ನೂ ಬರೆಯಬೇಕು. 1999ರಲ್ಲಿ ಆ ರಿಜಿಸ್ಟರು ಇದ್ದದ್ದು ನನ್ನ ತೊಡೆಯ ಮೇಲೆ. ನೀನು ಕೀಲಿಮಣೆಯ ಮುಂದೆ, ನಾನು ಪಕ್ಕದ ಸ್ಟೂಲಿನ ಮೇಲೆ. ಓದಿ ಹೇಳುತ್ತಿದ್ದವಳು ನಾನು. ಆ ಅಕ್ಷರದ ಪಕ್ಕ ಕಾಗದ ಕೆರೆದು ತೆಳ್ಳಗಾಗಿದ್ದು ನನಗೆ ಕಂಡಿತ್ತು. ಅಪ್ಪನ ಕೈಕೆಲಸ ಅದೆಂದು ಹೊಳೆಯಲಿಲ್ಲ. ನಾನು ಅಕ್ಷರ ತೋರಿಸಲಿಲ್ಲ, ಕೊಪ್ಪಾ ಎಂದು ಬರೆದಿದ್ದಾರೆ ಎಂದಷ್ಟೇ ಓದಿದೆ. ಚಿಕ್ಕಮಗಳೂರಿನ ಕಡೆ ಒಂದು ಕೊಪ್ಪ ಇದೆಯೆಂದು ಇಬ್ಬರೂ ನಕ್ಕೆವು. ನೀನು ರಿಜಿಸ್ಟರಿನ ಆ ಪುಟ ನೋಡಿಯೇ ಇಲ್ಲ.

ತಪಾಸಣೆಯಲ್ಲಿ ನೀನು "ಶಿವಕಾಂತಾ ಓದಿದಳು, ನಾನು ಬರೆದೆ" ಎನ್ನಬಹುದಿತ್ತು. ಎನ್ನಲಿಲ್ಲ. ಈಗಲೂ ಮೂರು ಪತ್ರ ಬರೆದೆ, ಒಂದರಲ್ಲಿಯೂ ಅದನ್ನು ಬರೆಯಲಿಲ್ಲ.

ಇಷ್ಟು ವರ್ಷ ನಾನು ಸಿಟ್ಟು ಮಾಡಿದ್ದು ಯಾರ ಮೇಲೆ ಎಂದು ನನಗೆ ಈಗ ತಿಳಿಯುತ್ತಿಲ್ಲ. ನಿನ್ನ ಮೇಲೆ ಮಾಡೋಣವೆಂದರೆ ಅದು ನಿಲ್ಲುವುದಿಲ್ಲ. ಬಿಡೋಣವೆಂದರೆ ಅಷ್ಟು ದಿನದ್ದು ಎಲ್ಲಿ ಇಡಲಿ?

ಶಿವಕಾಂತಾ


ಕಡಗಂಚಿ
15 ಡಿಸೆಂಬರ್ 2024

ಶಿವಕಾಂತಾ,

ನಿನ್ನ ಪತ್ರ ಬಂತು. ಓದಿದವರು ಯಾರು ಎಂಬ ಮಾತಿಗೆ ನಾನು ಏನೂ ಬರೆಯುವುದಿಲ್ಲ, ನೀನೂ ಇನ್ನು ಬರೆಯಬೇಡ.

ನಿನ್ನ ಅನುಮತಿ ಕೇಳದೆ ಕಾಕಾ ಹೇಳಿದ್ದನ್ನು ಅನೂಪನಿಗೆ ತಿಳಿಸಿಲ್ಲ. ಪಟ್ಟಿ ಮಾತ್ರ ಅವನು ತಿದ್ದಿಸಿದ್ದಾನೆ. ಮೂವತ್ತೊಂದನೆಯ ನಂಬರಿನ ಎದುರು ಈಗ ಹಳೆಯ ಕೊಪ್ಪಾ ಇದೆ, ಅದರದೇ ಸಂಖ್ಯೆಯೊಂದಿಗೆ. ಟೈಪು ಮಾಡಿದವಳು ನಾನಲ್ಲ, ನಮ್ಮ ಗ್ರಂಥಾಲಯದ ಬೇರೆಯವರು. ಅವರು ಒತ್ತಿದಾಗ ಪರದೆಯ ಮೇಲೆ ಸರಿಯಾಗಿ ಬಂತೋ ಇಲ್ಲವೋ ನಾನು ಎದ್ದು ಹೋಗಿ ನೋಡಿದೆ. ಬಂದಿತ್ತು.

ನಿಮ್ಮಪ್ಪ ಕದ್ದಿಲ್ಲವೆಂದು ಒಂದು ಸಾಲು ಬರೆದು ಕೊಡು ಎಂದು ಅವನನ್ನು ಕೇಳಿದೆ. ಅನೂಪ, "ಅವರೇ ಹೌದಂದು ಸಹಿ ಮಾಡ್ಯಾರ್ರಿ. ಅವರೇ ಬಂದು ಬ್ಯಾರೇ ಹೇಳಿದ್ರ ಬರೀತೇನಿ" ಎಂದ. ಕೆಟ್ಟವನಲ್ಲ. ತನ್ನಪ್ಪನ ಕಾಲದ ತಪ್ಪು ತನ್ನ ತಲೆಗೆ ಬರುತ್ತದೆಂಬ ಅಂಜಿಕೆ ಅವನಿಗೆ.

ಕಾಕಾರನ್ನು ಆಳಂದಕ್ಕೆ ಕರೆತರಲು ಆದೀತೇ? ನಾನು ಬರಬೇಕೆಂದರೆ ಬರುತ್ತೇನೆ. ಬೇಡವೆಂದರೆ ಬರುವುದಿಲ್ಲ.

ಸುಲಭಾ


ಆಳಂದ
10 ಫೆಬ್ರುವರಿ 2025

ಸುಲಭಾ,

ನಿನಗೆ ಹೇಳದೆ ಬಂದು ಹೋದೆವು. ನೀನು ಎದುರಿಗಿದ್ದರೆ ನಾನು ಅಪ್ಪನನ್ನು ಬಿಟ್ಟು ನಿನ್ನನ್ನೇ ನೋಡುತ್ತ ಕೂರುತ್ತಿದ್ದೆ, ಅದಕ್ಕೆ.

ಒಂದನೆಯ ತಾರೀಖು ಶನಿವಾರ ಅವ್ವ, ಅಪ್ಪ, ನಾನು ಮೂವರೂ ಬಂದೆವು. ಅವ್ವನಿಗೆ ಎಲ್ಲ ಹೇಳಿದ್ದೆ. ಆಳಂದಕ್ಕೆ ಕಾಲಿಡುವುದಿಲ್ಲ ಎಂದವಳು ಬಸ್ಸು ಬಂದಾಗ ತಾನೇ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತಳು.

ಅನೂಪ ಕುರ್ಚಿ ಹಾಕಿಸಿದ. ನನ್ನಷ್ಟೇ ಅವನಿಗೂ ಗಾಬರಿ. ನಾಣ್ಯವನ್ನು ಮಖಮಲ್ಲಿನ ತುಂಡಿನ ಮೇಲೆ ಇಟ್ಟು ತಂದ. ಅಪ್ಪ ಕೈಗೆ ತೆಗೆದುಕೊಳ್ಳಲಿಲ್ಲ, ಬಾಗಿ ನೋಡಿದ. ಅನೂಪ ಕೇಳಿದ, "ಮಾಳಿಂಗಪ್ಪನವರೇ, ಇದೇ ಅದನೇನ್ರಿ ಆ ನಾಣ್ಯ?"

ಅಪ್ಪ, "ಅದೇನೋ ಗೊತ್ತಿಲ್ರಿ. ಕುದುರಿ ಅದೇ ಅದ," ಎಂದ.

ಅನೂಪ ನನ್ನ ಕಡೆ ನೋಡಿದ. ನಾನು ಹೊಲದಲ್ಲಿ ಕೇಳಿದ ಹಾಗೇ ಕೇಳಿದೆ, "ಅಪ್ಪಾ, ನೀ ಏನ ಬದಲ ಮಾಡಿದ್ದಿ?" ಅವನು ಮೇಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ. ಒಂದು ಬರೆದ, ಒರೆಸಿದ, ಇನ್ನೊಂದು ಬರೆದ. ಬ್ಲೇಡಿನ ಮಾತು ತಾನಾಗಿಯೇ ಹೇಳಿದ. ಅನೂಪ ಒಳಗೆ ಹೋಗಿ ವಕೀಲರ ಹಳೆಯ ಪುಸ್ತಕ ತಂದು ತೆರೆದ. ಕೊಪ್ಪಾ ಎಂದಿರುವ ಕಡೆ ವಕೀಲರು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದಾರೆ. ಅಲ್ಲಿ ಇರುವುದು ಮಿಂಚಿನ ಗೆರೆ. ಅನೂಪ ಬಹಳ ಹೊತ್ತು ಆ ಪುಟ ಮುಚ್ಚಲಿಲ್ಲ.

ಆಮೇಲೆ ಅವನೇ ಕೂತು ಕೈಯಾರೆ ಬರೆದ. ಮಾಳಿಂಗಪ್ಪ ನಾಣ್ಯ ಬದಲು ಮಾಡಿಲ್ಲ, ಕದ್ದಿಲ್ಲ, 2001ರ ತೀರ್ಮಾನ ತಪ್ಪು ಎಂದು. ಓದಿ ಹೇಳಿದ. ಅವ್ವ ಸೆರಗು ಬಾಯಿಗೆ ಹಿಡಿದಳು.

ಅಪ್ಪ ಮಾತ್ರ ಸಹಿ ಮಾಡಲಿಲ್ಲ. "ಅಕ್ಷರ ಬದಲ ಮಾಡಿದ್ದು ಬರದಿಲ್ಲಲ್ರಿ," ಎಂದ.

"ಅದು ತಪ್ಪಲ್ರಿ, ನೀವು ತಿದ್ದೀರಿ," ಎಂದ ಅನೂಪ.

"ನನ್ನ ಕೈಲೆ ಆಗಿದ್ದು ಬರೀರಿ. ಅಂದ್ರ ಸಹಿ ಮಾಡ್ತೇನಿ."

ಅದನ್ನೂ ಸೇರಿಸಿದ ಮೇಲೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಹೆಸರು ಬರೆದ. ಮರೆವಿನಲ್ಲೂ ಹೆಸರಿನ ಒಂದು ಗೆರೆ ತಪ್ಪಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಅಳು ಬಂತೇ ಎಂದರೆ ಅದೂ ಬರಲಿಲ್ಲ. ಬಸ್ಸಿನಲ್ಲಿ ಕಾಗದದ ಚೀಲ ತೊಡೆಯ ಮೇಲಿಟ್ಟುಕೊಂಡು, ಇದನ್ನು ಈಗ ಯಾರಿಗೆ ತೋರಿಸಬೇಕು ಎಂದು ಎಣಿಸಿದೆ. ಕೊಡ ಎತ್ತಿಕೊಂಡು ಸರಿದ ಹೆಂಗಸರಲ್ಲಿ ಎಷ್ಟು ಮಂದಿ ಇದ್ದಾರೋ. ಜೇವರ್ಗಿಯವನ ಮಕ್ಕಳೇ ಮದುವೆಗೆ ಬಂದಿದ್ದಾರೆ. ಅಷ್ಟರಲ್ಲಿ ಅಪ್ಪ ನನ್ನ ಕೈ ತಟ್ಟಿ ಕೇಳಿದ:

"ಮತ್ತ ಡ್ಯೂಟಿಗಿ ಯಾವಾಗ ಬಾ ಅಂದ್ರು?"

ಅವ್ವ ನನ್ನನ್ನು ನೋಡಿದಳು. ಏನು ಹೇಳಬೇಕೆಂದು ತಿಳಿಯದೆ "ಸೋಮವಾರ" ಎಂದುಬಿಟ್ಟೆ. ಮರೆಯುತ್ತಾನೆ ಎಂದುಕೊಂಡೆ. ಉಂಡದ್ದನ್ನು ಮರೆಯುವವನು ಇದನ್ನು ಮರೆಯಲಿಲ್ಲ. ಸೋಮವಾರ ಏಳಕ್ಕೆ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಇವತ್ತು ಬಸ್ಸು ಬಂದ್ ಇದೆ ಎಂದು ಸುಳ್ಳು ಹೇಳಿದೆ. ನಡೆಯುವ ಬಸ್ಸನ್ನು ನಿಲ್ಲಿಸಿದವಳು ನಾನು. "ಹೌದೇನು," ಎಂದು ಒಳಗೆ ಹೋಗಿ ಅಂಗಿ ಬಿಚ್ಚಿ ಮಡಚಿ ಇಟ್ಟ.

ಇಂದು ಮತ್ತೆ ಸೋಮವಾರ. ಮತ್ತೆ ಅದೇ ಅಂಗಿ. ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಒಂದು ಚಹಾ ಕುಡಿಸಿ ತಿರುಗಿಸಿಕೊಂಡು ಬರೋಣವೆಂದು ಹೊರಟೆ. ಬಸ್ಸು ಎದುರಿಗೇ ಬಂದು ನಿಂತಿತು. ಅಪ್ಪ ಹತ್ತಿದ. ನಾನೂ ಹತ್ತಿದೆ. ಅಂಗನವಾಡಿಗೆ ರಜೆ ಹೇಳಲು ಸಹ ನೆನಪಾಗಲಿಲ್ಲ.

ಅನೂಪ ಬಾಗಿಲಲ್ಲಿ ನಮ್ಮನ್ನು ನೋಡಿ ಇನ್ನೇನು ತಕರಾರು ಬಂತೋ ಎಂದು ಬೆಚ್ಚಿದ. ನಾನು ಹೇಗೆ ಹೇಳುವುದೆಂದು ತಡವರಿಸುತ್ತಿದ್ದೆ. ಅಪ್ಪ ಅವನ ಪಕ್ಕದಿಂದ ಒಳಗೆ ಹೋಗಿ ಮೂಲೆಯಲ್ಲಿದ್ದ ಒರೆಸುವ ಬಟ್ಟೆ ತೆಗೆದುಕೊಂಡು ಗಾಜಿನ ಪೆಟ್ಟಿಗೆ ಒರೆಸತೊಡಗಿದ. ಅನೂಪ ಅದನ್ನು ನೋಡಿ ಫ್ಯಾನು ಹಾಕಿದ.

ಈಗ ಹನ್ನೊಂದು ಗಂಟೆ. ನಾನು ಹೊರಗೆ ಕಟ್ಟೆಯ ಮೇಲೆ ಕೂತು, ಅನೂಪನಿಂದ ಕೇಳಿ ತೆಗೆದುಕೊಂಡ ಹಾಳೆಯ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಾಳೆ ಏನೋ, ಮುಂದಿನ ವಾರ ಏನೋ, ಒಂದೂ ಗೊತ್ತಿಲ್ಲ. ಅಪ್ಪ ಎರಡು ಸಲ ಹೊರಗೆ ಬಂದು ಸುಲಭಾ ಎಲ್ಲಿ ಎಂದು ಕೇಳಿದ. ಪಟ್ಟಿ ಅರ್ಧಕ್ಕೆ ನಿಂತಿದೆಯಂತೆ. ಒಳಗೆ ಒಂದು ಸ್ಟೂಲು ಖಾಲಿ ಇದೆ. ಸೋಮವಾರ ನಿನಗೆ ರಜೆ ಸಿಕ್ಕರೆ ಬಾ, ನಾನು ಓದುತ್ತೇನೆ.

ಶಿವಕಾಂತಾ